ದೊಡ್ಡ ಸ್ವಾಮಿಗಳು

ಕಂಪ್ಲಿಯ ಕೋಟೆಯನ್ನೂ ತುಂಗಭದ್ರೆಯ ಆಚೆಯ ದಡದ ಕುಮ್ಮಟದುರ್ಗವನ್ನೂ ಬಲ್ಲ ಈ ಸೀಮೆಯ ಜನರಿಗೆ ಕಂಪಿಲರಾಯನ ಕಥೆಯು ಹೊಸದಲ್ಲ. ಕ್ರಿ. ಶ. 1327ರ ಸುಮಾರಿನಲ್ಲಿ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೈನ್ಯವು ಆ ಪುಟ್ಟ ರಾಜ್ಯವನ್ನು ಮುರಿಯಿತು. ರಾಜನು ರಣದಲ್ಲಿ ಮಡಿದನು. ಬದುಕಿ ಉಳಿದವರಲ್ಲಿ ಅನೇಕರು ಸೆರೆಯಾಳುಗಳಾಗಿ ಉತ್ತರಕ್ಕೆ ಸಾಗಿಸಲ್ಪಟ್ಟರು. ಆ ಸೆರೆಯವರಲ್ಲಿ ಹರಿಹರ ಬುಕ್ಕರೂ ಇದ್ದರೆಂದೂ, ಅಲ್ಲಿ ಅವರು ಮತಾಂತರ ಹೊಂದಬೇಕಾಯಿತೆಂದೂ, ಮರಳಿ ಬಂದ ಮೇಲೆ ವಿದ್ಯಾರಣ್ಯರು ಅವರನ್ನು ಸ್ವಧರ್ಮಕ್ಕೆ ಸೇರಿಸಿಕೊಂಡರೆಂದೂ ಒಂದು ಸಂಪ್ರದಾಯವುಂಟು. ಇದನ್ನು ಒಪ್ಪದ ಇತಿಹಾಸಜ್ಞರೂ ಇರುವರು. ಕಥೆಯು ನಿಜವೋ ಅಲ್ಲವೋ, ಅದರೊಳಗೆ ಅಡಗಿರುವ ಪ್ರಶ್ನೆಯು ಮಾತ್ರ ನಿಜವಾದುದು: ಬಲಾತ್ಕಾರದಿಂದ ತನ್ನ ಧರ್ಮವನ್ನು ಕಳೆದುಕೊಂಡು ಸೆರೆಯಿಂದ ಹಿಂದಿರುಗಿದವನನ್ನು ಅವನ ಬಂಧುಗಳು ಹೇಗೆ ಬರಮಾಡಿಕೊಳ್ಳಬೇಕು? ತಪ್ಪು ಹೊರಿಸಿಯೋ, ಕೈಹಿಡಿದೋ?

ಇದೇ ಪ್ರಶ್ನೆಯು ನಾಲ್ಕೂವರೆ ಶತಮಾನಗಳ ತರುವಾಯ ಕನ್ನಡನಾಡಿನ ಇನ್ನೊಂದು ಹಾಳಾದ ರಾಜಧಾನಿಯಲ್ಲಿ, ಬೇರೊಂದು ಮತದವರ ನಡುವೆ ಎದ್ದಿತು. ಅದಕ್ಕೆ ಉತ್ತರ ಕೊಡಬೇಕಾಗಿ ಬಂದವರು ಫ್ರಾನ್ಸ್ ದೇಶದಿಂದ ಬಂದ ಒಬ್ಬ ಕ್ಯಾಥೊಲಿಕ ಪಾದ್ರಿಗಳು. ಪುಸ್ತಕಗಳಲ್ಲಿ ಅವರ ಹೆಸರು ಅಬ್ಬೆ ದ್ಯುಬ್ವಾ ಎಂದಿರುವುದು. ಮೈಸೂರು ಸೀಮೆಯ ಜನರು ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು.

1784ರಲ್ಲಿ, ಎರಡನೆಯ ಮೈಸೂರು ಯುದ್ಧವು ಮುಗಿಯುತ್ತಿದ್ದ ಸಮಯದಲ್ಲಿ, ಟೀಪೂ ಸುಲ್ತಾನನು ಕೆನರಾ ಸೀಮೆಯ ಕ್ಯಾಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬುದು ಅವರ ಮೇಲೆ ಹೊರಿಸಿದ ಅಪರಾಧ. ಬೂದಿ ಬುಧವಾರದ ದಿನವೇ ಸೆರೆಯು ಮೊದಲಾಯಿತೆಂದು ಅವರ ಪರಂಪರೆಯು ಹೇಳುತ್ತದೆ. ಮನುಷ್ಯನು ಮಣ್ಣೆಂಬುದನ್ನು ನೆನಪಿಸುವುದಕ್ಕಾಗಿ ಹಣೆಗೆ ಬೂದಿಯನ್ನು ಹಚ್ಚಿಕೊಳ್ಳುವ ದಿನವದು. ಸೆರೆಯಾದವರ ಸಂಖ್ಯೆಯನ್ನು ಕೆಲವರು ಮೂವತ್ತು ಸಾವಿರವೆಂದೂ ಕೆಲವರು ಎಂಬತ್ತು ಸಾವಿರವೆಂದೂ ಬರೆದಿರುವರು; ದ್ಯುಬ್ವಾ ಪಾದ್ರಿಗಳ ಲೆಕ್ಕದಂತೆ ಅದು ಅರವತ್ತು ಸಾವಿರಕ್ಕೂ ಹೆಚ್ಚು. ಘಟ್ಟವನ್ನು ಹತ್ತುವಾಗ ಸತ್ತವರು ಹಲವರು. ರೋಗದಿಂದಲೂ ಹಸಿವಿನಿಂದಲೂ ಸತ್ತವರು ಮತ್ತೂ ಹಲವರು. ತರುಣರಲ್ಲಿ ಅನೇಕರು ಮತಾಂತರಗೊಂಡು ಸೈನ್ಯಕ್ಕೆ ಸೇರಿಸಲ್ಪಟ್ಟರು. ಹದಿನೈದು ವರ್ಷಗಳು ಹೀಗೆ ಕಳೆದವು.

1799ನೆಯ ಮೇ ತಿಂಗಳ 4ನೆಯ ತಾರೀಖಿನಲ್ಲಿ ಶ್ರೀರಂಗಪಟ್ಟಣವು ಬಿದ್ದಿತು, ಸುಲ್ತಾನನು ಕೋಟೆಯ ಬಾಗಿಲಲ್ಲಿ ಹತನಾದನು, ಸೆರೆಯವರಿಗೆ ಬಿಡುಗಡೆಯಾಯಿತು. ಬದುಕಿ ಉಳಿದವರಲ್ಲಿ ಸಾವಿರಾರು ಜನರು ಕೆನರಾ ಸೀಮೆಗೆ ಮರಳಿದರು. ಆಗ ಅಲ್ಲಿ ಕಲೆಕ್ಟರನಾಗಿ ಬಂದವನು, ಮರುವರ್ಷವೇ ಬಳ್ಳಾರಿಯನ್ನು ಒಳಗೊಂಡ ದತ್ತಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದು ನಮ್ಮ ಹಿರಿಯರ ಬಾಯಲ್ಲಿ ಹೆಸರಾಗಿ ಉಳಿದ ತಾಮಸ್ ಮನ್ರೋ. ಉಳಿದ ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು. ಅವರಿಗೆ ಗುಡಿಯಿರಲಿಲ್ಲ; ಗುರುವಿರಲಿಲ್ಲ; ಹೊಲಮನೆಗಳೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಾವು ಯಾರೆಂದು ಹೇಳಿಕೊಳ್ಳುವ ಧೈರ್ಯವೂ ಅವರಲ್ಲಿ ಉಳಿದಿರಲಿಲ್ಲ.

ಇಂಥವರ ನಡುವೆ ದ್ಯುಬ್ವಾ ಪಾದ್ರಿಗಳು ಬಂದು ನಿಂತರು. ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನಿಂದ ಅವರಿಗೆ ಕರೆಬಂದಿತೆಂದು ಹೇಳುವರು. ಜೀನ್ ಆಂತ್ವಾನ್ ದ್ಯುಬ್ವಾ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಸೈಂ-ರೆಮೇಜ್ ಎಂಬ ಗ್ರಾಮದವರು. 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷವೇ ಸ್ವದೇಶವನ್ನು ಬಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಪ್ಯಾರಿಸ್ ನಗರದ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳನ್ನು ಕ್ರಾಂತಿಕಾರರು ಕೊಂದರು. ಊರಿನಲ್ಲಿಯೇ ಉಳಿದಿದ್ದರೆ ತನಗೂ ಅದೇ ಗತಿಯಾಗುತ್ತಿತ್ತೆಂದು ದ್ಯುಬ್ವಾ ಮುಂದೆ ಹೇಳಿಕೊಂಡಿರುವರು. ಅವರು ಪುದುಚೇರಿಗೆ ಬಂದು, ಪ್ಯಾರಿಸಿನ ವಿದೇಶ ಪ್ರಚಾರ ಸಂಘದ ಗುರುಗಳ ಜೊತೆಯಲ್ಲಿ ಕೆಲಕಾಲವಿದ್ದು, ದಕ್ಷಿಣದ ಭಾಷೆಗಳನ್ನು ಕಲಿತರು. ಹೀಗೆ ಒಂದು ದೇಶದ ಕೋಲಾಹಲದಿಂದ ಓಡಿಬಂದವರು ಇನ್ನೊಂದು ದೇಶದ ಕೋಲಾಹಲದಿಂದ ಪಾರಾಗಿ ಬಂದವರಿಗೆ ಗುರುವಾದರು.

ಬಲಾತ್ಕಾರದಿಂದ ಮತವನ್ನು ಬಿಟ್ಟಿದ್ದವರನ್ನು ಅವರು ಮತ್ತೆ ತಮ್ಮ ಸಮಾಜಕ್ಕೆ ಸೇರಿಸಿಕೊಂಡರು. ಮೈಸೂರು ಸೀಮೆಯಲ್ಲಿ ಅವರು ಮಾಡಿದ ಮೊದಲ ಕಾರ್ಯವೇ ಇದು. ಆದರೆ ಚರಿತ್ರೆಯನ್ನು ಬರೆಯುವವನು ಸಿಹಿಯನ್ನು ಮಾತ್ರವೇ ಬರೆದು ಕಹಿಯನ್ನು ಮರೆಮಾಡಬಾರದು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳಲ್ಲಿ ದ್ಯುಬ್ವಾ ಇದೇ ಸೆರೆಯವರನ್ನು ನೆನೆದು ಕಠಿಣವಾದ ಮಾತನ್ನಾಡಿರುವರು. ಅಷ್ಟು ಸಾವಿರ ಜನರಲ್ಲಿ ಪ್ರಾಣವನ್ನು ಕೊಟ್ಟಾದರೂ ತನ್ನ ವಿಶ್ವಾಸವನ್ನು ಸಾರಿಹೇಳುವ ಧೈರ್ಯವುಳ್ಳವನು ಒಬ್ಬನೂ ಇರಲಿಲ್ಲವೆಂಬುದು ಅವರ ದೂರು.

ಈ ದೂರನ್ನು ಓದಿದ ವಿಚಾರವಂತನಿಗೆ ಒಂದು ಸಂಗತಿಯು ಹೊಳೆಯದೆ ಇರದು. ಮೃತ್ಯುವು ಬಾಗಿಲಿಗೆ ಬಂದಾಗ ದ್ಯುಬ್ವಾ ಅವರಿಗೆ ಹಡಗು ಸಿಕ್ಕಿತು. ಕೆನರಾದ ರೈತನಿಗೆ, ಅವನ ಹೆಂಡತಿ ಮಕ್ಕಳಿಗೆ, ಯಾವ ಹಡಗೂ ಸಿಗಲಿಲ್ಲ. ತಪ್ಪಿಸಿಕೊಂಡವನು ಸಿಕ್ಕಿಬಿದ್ದವನನ್ನು ಹಳಿಯುವುದು ಲೋಕದಲ್ಲಿ ಅಪರೂಪವಲ್ಲ. ಆದರೂ ಅದೇ ದ್ಯುಬ್ವಾ ಇಪ್ಪತ್ತು ವರ್ಷಗಳಿಗೂ ಮೀರಿ ಆ ಜನರೊಡನೆಯೇ ಬಾಳಿದರು. ಅವರ ಊಟವನ್ನೇ ಉಂಡರು. ಅವರ ಮಕ್ಕಳಿಗೆ ಹೆಸರಿಟ್ಟರು. ಅವರ ಹೆಣಗಳನ್ನು ಮಣ್ಣುಮಾಡಿದರು. ಮಾತು ಒಂದು ದಿಕ್ಕಿಗೆ, ನಡತೆಯು ಇನ್ನೊಂದು ದಿಕ್ಕಿಗೆ ಹೋದಾಗ ನಡತೆಗೇ ಹೆಚ್ಚು ಬೆಲೆಯನ್ನು ಕಟ್ಟುವುದು ನ್ಯಾಯವೆಂದು ತೋರುತ್ತದೆ.

ಅವರ ಜೀವನಕ್ರಮವನ್ನು ಕುರಿತು ಸಮಕಾಲೀನರ ಸಾಕ್ಷ್ಯವಿರುವುದು. ಯೂರೋಪಿಯನರ ಸಹವಾಸವನ್ನು ಆದಷ್ಟು ದೂರವಿಟ್ಟು, ಮಾಂಸಾಹಾರವನ್ನು ತ್ಯಜಿಸಿ, ಈ ನಾಡಿನ ನಿಲುವಂಗಿಯನ್ನೂ ರುಮಾಲನ್ನೂ ಧರಿಸಿ ಅವರು ಹಳ್ಳಿಯಿಂದ ಹಳ್ಳಿಗೆ ಸಂಚರಿಸುತ್ತಿದ್ದರು. ಮೈಸೂರಿನ ಚರಿತ್ರೆಯನ್ನು ಬರೆದ, ಅಲ್ಲಿಯ ರೆಸಿಡೆಂಟನೂ ಆಗಿದ್ದ ಮಾರ್ಕ್ ವಿಲ್ಕ್ಸನು ಒಂದು ವಿಶೇಷವನ್ನು ದಾಖಲೆ ಮಾಡಿರುವನು. ಈ ಪಾದ್ರಿಗಳು ಪ್ರಯಾಣಮಾಡುತ್ತ ಒಂದು ಊರನ್ನು ಸಮೀಪಿಸಿದರೆ, ಯಾವ ಅಧಿಕಾರಿಯ ಅಪ್ಪಣೆಯೂ ಇಲ್ಲದೆ, ತಾವಾಗಿಯೇ, ಅಲ್ಲಿಯ ಬ್ರಾಹ್ಮಣನೊಬ್ಬನ ಮನೆಯನ್ನು ಅವರಿಗಾಗಿ ತೆರವುಮಾಡಿಕೊಡುತ್ತಿದ್ದರಂತೆ. ಮಡಿಮೈಲಿಗೆಗಳು ಎಷ್ಟು ಬಿಗಿಯಾಗಿದ್ದ ಕಾಲವದು ಎಂಬುದನ್ನು ನೆನೆದರೆ ಈ ಗೌರವದ ತೂಕವು ತಿಳಿಯುವುದು. ಅದು ಅಧಿಕಾರಕ್ಕೆ ಸಂದ ಗೌರವವಲ್ಲ. ದ್ಯುಬ್ವಾ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಅದು ಮನುಷ್ಯನಿಗೆ ಸಂದ ಗೌರವ.

ಆ ಗೌರವವು ಕೆಲಸಕ್ಕೆ ಬಂದದ್ದು ಸಿಡುಬಿನ ಹಾವಳಿಯಲ್ಲಿ. ಇಂದಿನ ಮಕ್ಕಳಿಗೆ ಆ ರೋಗದ ಹೆಸರಷ್ಟೇ ಗೊತ್ತು. ಅಂದು ಊರಿಗೆ ‘ಅಮ್ಮ’ ಬಂದಳೆಂದರೆ ಬೇವಿನ ಎಲೆಯನ್ನು ಬಾಗಿಲಿಗೆ ಕಟ್ಟಿ, ಒಗ್ಗರಣೆಯ ಸದ್ದನ್ನೂ ನಿಲ್ಲಿಸಿ, ತಾಯಂದಿರು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಜೆನ್ನರ್ ವೈದ್ಯನು ಹಸುವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ತಡೆಯುವ ಉಪಾಯವನ್ನು 1798ರಲ್ಲಿ ಪ್ರಕಟಿಸಿದನು. 1802ರಲ್ಲಿ ಅದು ಮುಂಬಯಿಗೆ ಬಂದು ಮುಟ್ಟಿತು. ಆಗ ಶೀತಲ ಯಂತ್ರಗಳಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು. ಎಂಟು ದಿನಗಳ ಮೇಲೆ ಅಲ್ಲಿಂದ ಮೂರನೆಯ ಮಗುವಿಗೆ. ಸರಪಳಿಯ ಒಂದು ಕೊಂಡಿಯು ಕಳಚಿದರೂ ಕೆಲಸವೆಲ್ಲವೂ ಕೆಟ್ಟಿತು. ಯಾವ ಜಾತಿಯ ಮಗುವಿನ ರಸವು ಯಾವ ಜಾತಿಯ ಮಗುವಿನ ಮೈಗೆ ಸೇರುವುದೆಂಬ ಶಂಕೆಯು ಒಂದು ಕಡೆ. ದೇವಿಯ ಕೋಪದ ಭಯವು ಇನ್ನೊಂದು ಕಡೆ. ಸರಕಾರದ ಡಂಗುರದಿಂದ ಆಗುವ ಕೆಲಸ ಇದಾಗಿರಲಿಲ್ಲ. ಮನೆಯ ಜಗುಲಿಯ ಮೇಲೆ ಕುಳಿತು, ಅಜ್ಜಿಯೊಡನೆ ಅವಳ ಮಾತಿನಲ್ಲಿಯೇ ಮಾತನಾಡಿ, ಮಗುವನ್ನು ಮಡಿಲಿಗೆ ತೆಗೆದುಕೊಳ್ಳಬಲ್ಲವನಿಂದ ಮಾತ್ರ ಆಗುವ ಕೆಲಸ.

ದ್ಯುಬ್ವಾ ಪಾದ್ರಿಗಳೂ ಅವರ ದೇಶೀಯ ಸಹಾಯಕರೂ ಸೇರಿ 1803–04ರಲ್ಲಿ ಮೈಸೂರು ಸೀಮೆಯಲ್ಲಿ 25,432 ಜನರಿಗೆ ದೇವಿ ಹಾಕಿದ ಲೆಕ್ಕವು ಉಳಿದುಬಂದಿದೆ. ಮೈಸೂರಿನ ಅರಮನೆಯಲ್ಲಿ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಆಶ್ರಯದಿಂದ ಬಾಲ ಮಹಾರಾಜ ಮುಮ್ಮಡಿ ಕೃಷ್ಣರಾಜರ ವಧುವಿಗೆ ದೇವಿ ಹಾಕಿಸಿದ್ದು 1805ರ ಸುಮಾರಿನ ಸಂಗತಿ. ಅರಮನೆಯು ದಾರಿ ತೋರಿಸುವ ಮೊದಲೇ ಹಳ್ಳಿಯ ಜಗುಲಿಗಳಲ್ಲಿ ಕೆಲಸವು ನಡೆದುಹೋಗಿತ್ತು. ದೇವಿ ಹಾಕಿಸಿಕೊಂಡ ಆ ಇಪ್ಪತ್ತೈದು ಸಾವಿರದಲ್ಲಿ ಕ್ರೈಸ್ತರು ಎಷ್ಟೆಂದು ಕೇಳುವ ಅಗತ್ಯವಿಲ್ಲ. ಮೈಸೂರು ಸೀಮೆಯಲ್ಲಿ ಅಷ್ಟು ಕ್ರೈಸ್ತರೇ ಇರಲಿಲ್ಲ.

ಎರಡನೆಯ ಕಾರ್ಯವು ಬೇಸಾಯದ್ದು. ಬಡವರಿಗೆ ಭಿಕ್ಷೆಯನ್ನು ಕೊಟ್ಟರೆ ಒಂದು ದಿನದ ಹಸಿವು ತೀರುವುದು. ಭೂಮಿಯನ್ನು ಕೊಟ್ಟರೆ ಮನೆತನವು ನಿಲ್ಲುವುದು. ಹಾಸನದ ಸಮೀಪದ ಸತ್ತಿಹಳ್ಳಿಯ ಕಡೆ ಅವರು ರೈತರ ನೆಲೆಗಳನ್ನು ಕಟ್ಟಿದರು. ಕ್ರೈಸ್ತ ರೈತರ ಗ್ರಾಮಗಳು ಆ ಕಡೆ ಇಂದಿಗೂ ಉಂಟು. ಅಲ್ಲಿಯ ಮನೆಮಾತು ಕನ್ನಡವೇ.

ಇಷ್ಟಾದರೂ ಜಗತ್ತಿನಲ್ಲಿ ದ್ಯುಬ್ವಾ ಅವರ ಹೆಸರು ನಿಂತದ್ದು ಈ ಎರಡು ಕಾರ್ಯಗಳಿಂದಲ್ಲ, ಒಂದು ಗ್ರಂಥದಿಂದ. ಹಿಂದೂಗಳ ಆಚಾರ ವ್ಯವಹಾರಗಳನ್ನೂ ವಿಧಿಗಳನ್ನೂ ವರ್ಣಿಸುವ ಆ ಗ್ರಂಥದ ಹಸ್ತಪ್ರತಿಯನ್ನು 1806ರಲ್ಲಿ ವಿಲ್ಕ್ಸನು ನೋಡಿ ಮೆಚ್ಚಿದನು. ಮದರಾಸಿನ ಗವರ್ನರ್ ಲಾರ್ಡ್ ಬೆಂಟಿಂಕನ ಸಲಹೆಯಂತೆ ಈಸ್ಟ್ ಇಂಡಿಯಾ ಕಂಪೆನಿಯು 2,000 ವರಹಗಳನ್ನು ಕೊಟ್ಟು ಅದನ್ನು ಕೊಂಡಿತು. ಆ ನಾಣ್ಯದ ಹೆಸರೂ ನಮ್ಮ ಹಂಪೆಯ ರಾಯರ ವರಾಹಲಾಂಛನದ ನೆನಪನ್ನೇ ಹೊತ್ತಿರುವುದು. ಇಂಗ್ಲಿಷ್ ಭಾಷಾಂತರವು 1816ರಲ್ಲಿ ಅಚ್ಚಾಯಿತು. ಗ್ರಂಥಕರ್ತರೇ ತಿದ್ದಿ ಹಿಗ್ಗಿಸಿದ ಪ್ರತಿಯನ್ನು ಹೆನ್ರಿ ಬೋಷಾಂಪನು 1897ರಲ್ಲಿ ಪ್ರಕಟಿಸಿದನು. ಅದಕ್ಕೆ ಮ್ಯಾಕ್ಸ್ ಮುಲ್ಲರ್ ಪಂಡಿತನು ಮುನ್ನುಡಿಯನ್ನು ಬರೆದನು. ಬ್ರಾಹ್ಮಣರನ್ನು ಕುರಿತು ಆ ಗ್ರಂಥದಲ್ಲಿ ಕಟುವಾದ ಮಾತುಗಳಿವೆ. ಕೆಲವು ನಿಜ, ಕೆಲವು ಅತಿರೇಕ. ತಮಗಾಗಿ ಮನೆಯನ್ನು ತೆರವುಮಾಡಿಕೊಟ್ಟವರ ವಿಷಯದಲ್ಲಿ ಲೇಖನಿಯು ಇನ್ನಷ್ಟು ಮೃದುವಾಗಬಹುದಾಗಿತ್ತು.

ಅದಕ್ಕಿಂತ ದೊಡ್ಡ ಸಂಗತಿಯೊಂದು ಬಹುಕಾಲದ ಮೇಲೆ ಬೆಳಕಿಗೆ ಬಂದಿತು. 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿಯು ಹಳೆಯ ಹಸ್ತಪ್ರತಿಯೊಂದನ್ನು ಪ್ರಕಟಿಸಿ, ದ್ಯುಬ್ವಾ ಅವರ ಗ್ರಂಥದ ಬಹುಭಾಗವು ಅವರದಲ್ಲವೆಂದು ತೋರಿಸಿಕೊಟ್ಟಳು. ಅದರ ಮೂಲಕರ್ತರು ಪುದುಚೇರಿಯ ಯೇಸುಸಭೆಯ ಪಾದ್ರಿ ಗಾಸ್ತೋಂ ಲೋರಾಂ ಕೆರ್ದೂ. 1691ರಲ್ಲಿ ಹುಟ್ಟಿ, 1732ರಲ್ಲಿ ಭಾರತಕ್ಕೆ ಬಂದು, ತೆಲುಗನ್ನೂ ಸಂಸ್ಕೃತವನ್ನೂ ಕಲಿತು, 1779ರಲ್ಲಿ ಇಲ್ಲಿಯೇ ತೀರಿಕೊಂಡವರು ಅವರು. ಅವರ ಮೂಲಗ್ರಂಥವು ಕಳೆದುಹೋಯಿತು. ದೇವೋ ಎಂಬ ಫ್ರೆಂಚ್ ಸೇನಾಧಿಕಾರಿಯು 1777ರಲ್ಲಿ ಸಿದ್ಧಪಡಿಸಿದ ಅದರ ಒಂದು ರೂಪವು ಉಳಿದಿತ್ತು. ಅದನ್ನು ದ್ಯುಬ್ವಾ ಅವರ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಿದಾಗ ಸಾಲವು ಬಯಲಾಯಿತು. ದ್ಯುಬ್ವಾ ತಮ್ಮ ಅನುಭವದಿಂದ ಸೇರಿಸಿದ ಭಾಗಗಳೂ ಉಂಟು. ಆದರೆ ಸಾಲವನ್ನು ಒಪ್ಪಿಕೊಳ್ಳಲಿಲ್ಲವೆಂಬುದು ಉಳಿಯುವುದು.

ಸಂಸ್ಕೃತವನ್ನು ಪ್ರೀತಿಸುವವರು ಕೆರ್ದೂ ಅವರ ಹೆಸರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಹೋಲಿಕೆಯು ಕೇವಲ ಆಕಸ್ಮಿಕವಲ್ಲ, ಅವುಗಳ ಮೂಲವು ಒಂದೇ ಎಂದು ಅವರು 1767ರಲ್ಲಿ ಪ್ಯಾರಿಸಿನ ಪಂಡಿತರಿಗೆ ಬರೆದು ಕಳುಹಿಸಿದರು. ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಅದನ್ನು ಸಾರಿ ಕೀರ್ತಿ ಪಡೆದದ್ದು 1786ರಲ್ಲಿ. ಕೆರ್ದೂ ಅವರ ಲೇಖನವು ಅಚ್ಚಾದದ್ದು 1808ರಲ್ಲಿ, ಅವರು ಸತ್ತು ಮೂವತ್ತು ವರ್ಷಗಳಾಗುತ್ತ ಬಂದಾಗ. ಅಷ್ಟರಲ್ಲಿ 1773ರಲ್ಲಿಯೇ ಪೋಪರು ಯೇಸುಸಭೆಯನ್ನು ರದ್ದುಮಾಡಿದ್ದರು. ಎಂಬತ್ತು ದಾಟಿದ ಆ ವೃದ್ಧನ ಕಣ್ಣೆದುರಿಗೇ ಅವನ ಸಂಸ್ಥೆಯು ಹೋಯಿತು. ಅವನು ಹೋದ ಮೇಲೆ ಗ್ರಂಥವು ಹೋಯಿತು. ಗ್ರಂಥದ ಮೇಲಿನ ಹೆಸರೂ ಇನ್ನೊಬ್ಬರ ಪಾಲಾಯಿತು.

ಕೆರ್ದೂ ಅವರು ಗುರುತಿಸಿದ ಆ ಭಾಷಾಬಾಂಧವ್ಯವೇ ಇಲ್ಲಿ ಒಂದು ವಿಚಾರಕ್ಕೆ ಎಡೆಮಾಡಿಕೊಡುತ್ತದೆ. ವಿನಯಕ್ಕೆ ಕ್ಯಾಥೊಲಿಕರ ಲ್ಯಾಟಿನ್ ಭಾಷೆಯಲ್ಲಿ ‘ಹುಮಿಲಿತಾಸ್’ ಎನ್ನುವರು. ಅದು ಮಣ್ಣು ಎಂಬರ್ಥದ ‘ಹುಮುಸ್’ ಶಬ್ದದಿಂದ ಬಂದುದು. ಈ ಹುಮುಸ್ ಶಬ್ದಕ್ಕೂ ಭೂಮಿಯೆಂಬರ್ಥದ ನಮ್ಮ ‘ಕ್ಷ್ಮಾ’ ಶಬ್ದಕ್ಕೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ನಮ್ಮ ಕೋಶಕಾರರು ‘ಕ್ಷಮಾ’ ಎಂಬುದಕ್ಕೆ ಭೂಮಿಯೆಂದೂ ತಾಳ್ಮೆಯೆಂದೂ ಎರಡರ್ಥಗಳನ್ನು ಕೊಟ್ಟು, ಭೂಮಿಗೆ ‘ಸರ್ವಂಸಹಾ’ ಎಂಬ ಹೆಸರನ್ನೂ ಸೇರಿಸಿರುವರು. ತುಳಿಸಿಕೊಂಡೂ ಬೆಳೆಯನ್ನು ಕೊಡುವುದು ಮಣ್ಣಿನ ಸ್ವಭಾವ. ಕಷ್ಟವನ್ನು ಅನುಭವಿಸಿದವರೆಲ್ಲರೂ ವಿನೀತರಾಗುವರೆಂಬ ನಿಯಮವಿಲ್ಲ; ಕಷ್ಟದಿಂದ ಕಲ್ಲಾದವರೂ ಉಂಟು. ದ್ಯುಬ್ವಾ ಅವರಲ್ಲಿ ಎರಡೂ ಇದ್ದವು. ಲೇಖನಿಯನ್ನು ಹಿಡಿದಾಗ ಅವರು ಸೆರೆಯವರನ್ನು ಹಳಿದರು, ಕೆರ್ದೂ ಅವರ ಹೆಸರನ್ನು ಹೇಳದೆ ಬಿಟ್ಟರು. ಮಗುವಿನ ತೋಳನ್ನು ಹಿಡಿದಾಗ, ನೇಗಿಲ ಸಾಲಿನ ಬಳಿ ನಿಂತಾಗ, ಅವರು ಬೇರೆಯ ಮನುಷ್ಯರಾದರು. ವಿನಯವು ಅವರಿಗೆ ಬುದ್ಧಿಯಿಂದ ಬಂದುದಲ್ಲ, ಕೈಗೆಲಸದಿಂದ ಬಂದುದು.

ಕಡೆಗೆ ಅವರು ತಮ್ಮ ಸೋಲನ್ನು ಮಾತ್ರ ಮುಚ್ಚಿಡಲಿಲ್ಲ. ಮೂವತ್ತು ವರ್ಷಗಳ ಶ್ರಮದಿಂದ ತಾವು ಮಾಡಿದ ಮತಾಂತರಗಳು ಇನ್ನೂರರಿಂದ ಮುನ್ನೂರು ಎಂದೂ, ಅವರಲ್ಲಿ ಬಹುಮಂದಿ ಗತಿಯಿಲ್ಲದವರೆಂದೂ, ಈ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯಪ್ರಯತ್ನದಿಂದ ಆಗದೆಂದೂ ಅವರು 1823ರ ಪತ್ರಗಳಲ್ಲಿ ಸ್ಪಷ್ಟವಾಗಿ ಬರೆದರು. ಇಂಗ್ಲೆಂಡಿನ ಪ್ರಚಾರಕರು ಇದಕ್ಕಾಗಿ ಅವರ ಮೇಲೆ ಮುನಿದರು. ಒಬ್ಬ ಪ್ರಚಾರಕನಿಗೆ ಇದಕ್ಕಿಂತ ಕಠಿಣವಾದ ತಪ್ಪೊಪ್ಪಿಗೆಯು ಬೇರೊಂದಿಲ್ಲ. ಅದೇ ವರ್ಷ ಅವರು ಭಾರತವನ್ನು ಬಿಟ್ಟರು; ಕಂಪೆನಿಯು ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತಮಿಳು, ತೆಲುಗು, ಕನ್ನಡ ಪ್ರತಿಗಳ ಸಹಾಯದಿಂದ ಪಂಚತಂತ್ರವನ್ನು ಫ್ರೆಂಚಿಗೆ ಪರಿವರ್ತಿಸಿ 1826ರಲ್ಲಿ ಪ್ರಕಟಿಸಿದರು; ತಮ್ಮ ಸಂಘಕ್ಕೆ 1836ರಿಂದ 1839ರ ವರೆಗೆ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು.

ಸೆರೆಯಿಂದ ಮರಳಿದವರ ಊರಾದ ಮಂಗಳೂರಿನಲ್ಲಿಯೂ ಕಷ್ಟವು ಬರಿದೇ ಹೋಗಲಿಲ್ಲ. ಆ ಜನರ ಮೊಮ್ಮಕ್ಕಳ ಕಾಲದಲ್ಲಿ, 1880ರಲ್ಲಿ, ಜರ್ಮನಿಯಿಂದ ಬಂದ ಯೇಸುಸಭೆಯ ಅಗಸ್ಟಸ್ ಮುಲ್ಲರ್ ಪಾದ್ರಿಗಳು ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದರು; 1890ರಲ್ಲಿ, ಮನೆಯವರೇ ಹೊರಗೆ ಹಾಕಿದ ಕುಷ್ಠರೋಗಿಗಳಿಗೆ ಆಸ್ಪತ್ರೆಯನ್ನು ಕಟ್ಟಿದರು. ಹೊರದೂಡಲ್ಪಟ್ಟವರ ಊರು ಹೊರದೂಡಲ್ಪಟ್ಟವರಿಗೆ ಜಾಗವನ್ನು ಕೊಟ್ಟಿತು. ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ನಮ್ಮ ಪ್ರದೇಶಕ್ಕೆ ಕ್ಯಾಥೊಲಿಕರ ಪ್ರತ್ಯೇಕ ಧರ್ಮಪ್ರಾಂತ್ಯವು ಬಳ್ಳಾರಿಯಲ್ಲಿ ಏರ್ಪಟ್ಟದ್ದು 1949ರಲ್ಲಿ.

ಸಿಡುಬು 1975ರಲ್ಲಿ ಭಾರತವನ್ನು ಬಿಟ್ಟಿತು. 1980ರಲ್ಲಿ ಅದು ಭೂಮಂಡಲದಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ದ್ಯುಬ್ವಾ ಅವರ ಗ್ರಂಥವನ್ನು ಕುರಿತು ಪಂಡಿತರ ವಾದವು ಇನ್ನೂ ನಡೆಯುತ್ತಲಿರುವುದು. ಆದರೆ ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರ ತೋಳಿನ ಮೇಲೆ, ಚಿಕ್ಕಂದಿನಲ್ಲಿ ದೇವಿ ಹಾಕಿದ ದುಂಡಗಿನ ಕಲೆಯು ಇಂದಿಗೂ ಕಾಣಸಿಗುವುದು. ಮೊಮ್ಮಕ್ಕಳು ಅದೇನೆಂದು ಕೇಳಿದಾಗ, ರುಮಾಲು ಸುತ್ತಿಕೊಂಡು ಜಗುಲಿಯ ಮೇಲೆ ಕುಳಿತಿದ್ದ ಆ ದೊಡ್ಡ ಸ್ವಾಮಿಗಳ ಕಥೆಯನ್ನೂ, ಅವರಿಗೆ ಮಗುವನ್ನು ಒಪ್ಪಿಸಿದ ಆ ತಾಯಂದಿರ ಕಥೆಯನ್ನೂ ಹೇಳಬಹುದು.